ಈ ಗೇಟಿನ ಮಾತು ಆ ಗೇಟಿಗೆ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಶಾಲೆಯ ಹಿಂದಿನ ಶೆಡ್ಡಿನಲ್ಲಿ ಹಳದಿ ವ್ಯಾನೊಂದು ಬಾಯಿ ತೆರೆದು ನಿದ್ದೆಹೋದ ದೊಡ್ಡ ಪ್ರಾಣಿಯ ಹಾಗೆ ನಿಂತಿದೆ. ಅದರ ಹೊಟ್ಟೆಯೊಳಗೆ ಒಬ್ಬ ಹೆಂಗಸು ಮಂಡಿಯೂರಿ ಕೂತು, ಸೀಟಿನ ಸಂದಿಗಳಿಗೆ ಕೈ ತೂರಿಸಿ, ನಿನ್ನೆಯ ದಿನವನ್ನು ಹೆಕ್ಕಿ ತೆಗೆಯುತ್ತಿದ್ದಾರೆ. ಒಂಟಿ ಕಾಲುಚೀಲ, ಅರ್ಧ ಕಚ್ಚಿದ ಬಿಸ್ಕತ್ತು, ಬಾಲ ಕಿತ್ತುಹೋದ ರಬ್ಬರ್ ಡೈನೋಸಾರ್.

"ಅಯ್ಯೋ, ಇದು ಮೂಲೆ ಮನೆ ದೊರೇದು. ರಾತ್ರಿ ಮನೆಯವರನ್ನೆಲ್ಲ ಅಳಿಸಿರ್ತಾನೆ," ಎನ್ನುತ್ತಾ ಡೈನೋಸಾರನ್ನು ನೀಲಿ ಮೇಲಂಗಿಯ ಜೇಬಿಗೆ ಇಳಿಸುತ್ತಾರೆ. ಬಾಲವನ್ನೂ ಹುಡುಕಿ ಇನ್ನೊಂದು ಜೇಬಿಗೆ ಹಾಕಿಕೊಳ್ಳುತ್ತಾರೆ.

ವ್ಯಾನಿನ ಬಾಗಿಲು ತೆಗೆಯುವುದು, ಮಕ್ಕಳನ್ನು ಹತ್ತಿಸಿಕೊಳ್ಳುವುದು, ಬಾಗಿಲು ಹಾಕುವುದು, ಶಾಲೆಯಲ್ಲಿ ಇಳಿಸುವುದು, ಸಂಜೆಗೆ ಮುಂಚೆ ಇದನ್ನೇ ತಿರುಗಾಮುರುಗಾ ಮಾಡುವುದು: ಸಂಬಳ ಬರುವುದು ಇಷ್ಟಕ್ಕೆ. ಮಕ್ಕಳು ಅವರನ್ನು 'ಬಾಗಿಲಕ್ಕ' ಎನ್ನುತ್ತಾರೆ. ಮಕ್ಕಳಿಂದ ಕೇಳಿ ಅಪ್ಪ ಅಮ್ಮಂದಿರೂ, ಶಾಲೆಯ ಆಫೀಸಿನವರೂ ಈಗ ಹಾಗೇ ಕರೆಯುತ್ತಾರೆ.

ಆದರೆ ಬಾಗಿಲಕ್ಕನಿಗೆ ಸಂಬಳವಿಲ್ಲದ ಇನ್ನೊಂದು ಕೆಲಸವಿದೆ. ಅಜ್ಜಿಯರ ಕತೆಗಳಲ್ಲಿ ಏಳು ಕೋಟೆ ದಾಟಿ ರಾಜಕುಮಾರಿಯ ಮಾತನ್ನು ಕೊಕ್ಕಿನಲ್ಲಿ ಕಚ್ಚಿ ತರುವ ಗಿಳಿಯೊಂದು ಇರುತ್ತದಲ್ಲ, ಹಾಗೆ ಇವರು ಒಂದು ಗೇಟಿನ ಮಾತನ್ನು ಇನ್ನೊಂದು ಗೇಟಿಗೆ ಒಯ್ಯುತ್ತಾರೆ. ಎಲ್ಲವೂ ಚಿಕ್ಕ ಮಕ್ಕಳನ್ನು ಸಾಕುವವರ ಮಾತು. ಊಟ, ನಿದ್ದೆ, ಹಟ, ಚಪ್ಪಲಿ, ಹಲ್ಲು, ಅಳು.

"ನಂದು ಅಂತ ಒಂದೂ ಇಲ್ಲ ಅದ್ರಲ್ಲಿ," ಎಂದು ಮೊದಲೇ ಹೇಳಿಬಿಡುತ್ತಾರೆ. "ಆ ಮನೆಯವರು ಕಷ್ಟಪಟ್ಟು ಕಂಡುಕೊಂಡಿದ್ದನ್ನ ಈ ಮನೆಗೆ ಹಾಕ್ತೀನಿ. ಪೋಸ್ಟು ಇದ್ದಂಗೆ. ಜ್ವರ, ಕೆಮ್ಮು ಅಂದ್ರೆ ಮಾತ್ರ ಬಾಯಿಗೆ ಬೀಗ. ಡಾಕ್ಟ್ರ ಹತ್ರ ಹೋಗಿ ಅಂತೀನಿ, ಬಾಗಿಲು ಹಾಕ್ತೀನಿ."

ಇವತ್ತು ಶುಕ್ರವಾರ. ಬಾಗಿಲಕ್ಕನ ಮುಖದಲ್ಲಿ ನಗುವಿದ್ದರೂ ಮನಸ್ಸು ಕೊನೆಯ ಗೇಟಿನ ಹತ್ತಿರವಿದೆ. ಆ ಗೇಟಿನ ಮಗು ವ್ಯಾನು ಹತ್ತುವುದಿಲ್ಲ. ಮೂರು ವರ್ಷದ ಹುಡುಗಿ, ಅಪ್ಪನ ಕಾಲಿಗೆ ಅಂಟಿಕೊಂಡರೆ ಬಿಡಿಸಲಾಗದು. ಡ್ರೈವರ್ ಅವಳಿಗೆ 'ಅಂಟು' ಎಂದೇ ಹೆಸರಿಟ್ಟಿದ್ದಾರೆ. ಬಾಗಿಲಕ್ಕನದೊಂದು ಹಟ: ಅಳುವ ಮಗುವನ್ನು ಎತ್ತಿ ಒಳಗೆ ಹಾಕುವುದಿಲ್ಲ. ಹೀಗಾಗಿ ವ್ಯಾನು ಅಲ್ಲಿ ನಿಂತೇ ನಿಲ್ಲುತ್ತದೆ, ಕೊನೆಗೆ ಅವಳನ್ನು ಬಿಟ್ಟೇ ಹೊರಡುವಷ್ಟರಲ್ಲಿ ಉಳಿದ ಮಕ್ಕಳಿಗೆ ಮೊದಲ ಪಾಠ ತಪ್ಪುತ್ತದೆ. ಶಾಲೆಯ ವಾಹನಗಳನ್ನು ನೋಡಿಕೊಳ್ಳುವ ಮೇಲ್ವಿಚಾರಕರು ಸೋಮವಾರವೇ ಹೇಳಿದ್ದಾರೆ, ಕೆಟ್ಟ ಮಾತಿನಲ್ಲೇನಲ್ಲ: "ಶುಕ್ರವಾರದವರೆಗೆ ನೋಡ್ತೀನಮ್ಮ. ಆಮೇಲೆ ಆ ಗೇಟು ಬಿಟ್ಟುಬಿಡೋಣ."

ಆ ಗೇಟು ಬಿಟ್ಟರೆ ಮಗುವನ್ನು ಕರೆದೊಯ್ಯುವವರಿಲ್ಲ. ಅಪ್ಪ ಲಿಫ್ಟ್ ರಿಪೇರಿಯವರು. ಬೆಳಿಗ್ಗೆ ಕೆಲಸಕ್ಕೆ ಹೊರಡುವುದು ಶಾಲೆಗೆ ತದ್ವಿರುದ್ಧ ದಿಕ್ಕಿಗೆ. ಅಮ್ಮ ಆಸ್ಪತ್ರೆಯಲ್ಲಿ ನರ್ಸ್, ಮಗು ಏಳುವ ಮುಂಚೆಯೇ ಹೊರಟಿರುತ್ತಾರೆ. ಇಬ್ಬರಲ್ಲಿ ಒಬ್ಬರು ಕೆಲಸ ಬಿಡಬೇಕು. ಯಾರು ಎಂದು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿಲ್ಲ. ಆದರೆ ಅಮ್ಮ ಈ ವಾರ ಒಗೆದ ತಮ್ಮ ಆಸ್ಪತ್ರೆಯ ಯೂನಿಫಾರ್ಮಿಗೆ ಇಸ್ತ್ರಿ ಹಾಕಿಲ್ಲವಂತೆ. ಅಪ್ಪ ಅದನ್ನು ಗಮನಿಸಿ ಗೇಟಿನಲ್ಲಿ ಬಾಗಿಲಕ್ಕನಿಗೆ ಹೇಳಿಕೊಂಡಿದ್ದಾರೆ.

ಡ್ರೈವರ್ ಬಂದು ಸೀಟಿಗೆ ಒರಗುತ್ತಾರೆ. ನರೆತ ಮೀಸೆ, ಸದಾ ಗೊಣಗುವ ಬಾಯಿ. ಮಕ್ಕಳಿಗೆ ಇವರು 'ಹಾರ್ನ್ ಮಾಮ'. "ಹೊರಡೋಣ್ವಾ, ಇಲ್ಲ ಸೀಟಿಗೂ ಬುದ್ಧಿ ಹೇಳೋದಿದ್ಯಾ?"

"ಮೊದಲು ನಿಮಗೇ ಹೇಳ್ಬೇಕು, ಅದಕ್ಕೆ ದಿನ ಸಾಲಲ್ಲ," ಎನ್ನುತ್ತಾ ಬಾಗಿಲಕ್ಕ ಬಾಗಿಲು ಎಳೆಯುತ್ತಾರೆ.

ಮೂಲೆ ಮನೆಯಲ್ಲಿ ಡೈನೋಸಾರ್ ಹಸ್ತಾಂತರವಾಗುತ್ತದೆ. ದೊರೆಯ ಅಮ್ಮ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡೇ ಓಡಿ ಬಂದಿದ್ದಾರೆ. "ಅಕ್ಕ, ಡಬ್ಬೀಲಿ ಹಾಕಿದ ಊಟ ಹಾಗೇ ವಾಪಸ್ ಬರುತ್ತೆ. ಏನು ಹಾಕಿದ್ರೂ ತಿನ್ನಲ್ಲ."

"ಒಂದು ಮನೇಲಿ ಹೀಗೇ ಆಗಿತ್ತಂತೆ," ಬಾಗಿಲಕ್ಕ ಶುರುಮಾಡುತ್ತಾರೆ. ಅವರ ಎಲ್ಲ ಮಾತೂ ಹೀಗೇ ಶುರುವಾಗುತ್ತದೆ, ಒಂದಾನೊಂದು ಊರಿನಲ್ಲಿ ಎನ್ನುವ ಹಾಗೆ. "ಮಗೂಗೆ ಹಸಿವಿತ್ತು, ಮುಚ್ಚಳ ತೆಗೆಯೋಕೆ ಬರ್ತಿರ್ಲಿಲ್ಲ ಅಷ್ಟೆ. ಕೇಳೋಕೆ ನಾಚಿಕೆ. ಖಾಲಿ ಡಬ್ಬಿ ಕೊಟ್ಟು ಮನೇಲಿ ತೆಗೆಯೋ ಆಟ ಆಡ್ಸಿ ನೋಡಿ."

ಅಮ್ಮ ತಲೆಯ ಟವೆಲ್ ಹಿಡಿದುಕೊಂಡು ಹಾಗೇ ನಿಲ್ಲುತ್ತಾರೆ. "ಹೊಸ ಡಬ್ಬಿ ಕಣಕ್ಕ ಅದು. ನಂಗೇ ಕಷ್ಟ ಅದನ್ನ ತೆಗೆಯೋದು!"

ಹಾರ್ನ್ ಕೂಗುತ್ತದೆ. ಬಾಗಿಲಕ್ಕ ಒಂದು ಕೈ ಮಂಡಿಗೆ ಕೊಟ್ಟು ಮೆಟ್ಟಿಲು ಹತ್ತುತ್ತಾರೆ. ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತೀರಿ ಎಂದರೆ, "ಎಣಿಸಿದ್ರೆ ಮಂಡಿಗೆ ಗೊತ್ತಾಗಿಬಿಡುತ್ತೆ," ಎಂದು ನಗುತ್ತಾರೆ.

ದಾರಿಯಲ್ಲಿ ಮಕ್ಕಳ ಮೂಗು ಒರೆಸುತ್ತಾ, ಜಗಳ ಬಿಡಿಸುತ್ತಾ ತಮ್ಮ ಕತೆ ಹೇಳುತ್ತಾರೆ. ಮದುವೆಯಾಗಿ ಈ ಊರಿಗೆ ಬಂದಾಗ ಯಜಮಾನರಿಗೆ ಗೋಡೆಗೆ ಬಣ್ಣ ಬಳಿಯುವ ಕೆಲಸ, ಇವರಿಗೆ ಲಾಂಡ್ರಿಯಲ್ಲಿ ಇಸ್ತ್ರಿ. ಎರಡು ಮಕ್ಕಳು ಹುಟ್ಟಿದ್ದು ಒಂದು ಕೋಣೆಯ ಬಾಡಿಗೆ ಮನೆಯಲ್ಲಿ. "ಮೊದಲನೇದು ಹಗಲೆಲ್ಲ ನಿದ್ದೆ ಮಾಡಿ ರಾತ್ರಿಯೆಲ್ಲ ಆಟ ಆಡ್ತಿತ್ತು. ಯಾಕೆ ಅಂತ ಕೇಳೋಕೆ ಒಂದು ಜನ ಇಲ್ಲ. ಅಕ್ಕಪಕ್ಕದವರ ಭಾಷೆ ಬೇರೆ. ಗೋಡೆಗೆ ಹೇಳ್ಕೊಂಡು ಅತ್ತಿದೀನಿ. ಅದೇ ಗೋಡೆ ಆಚೆ ಕಡೆ ಇನ್ನೊಬ್ಬಳು ಬಾಣಂತಿ ಇದ್ಲು ಅಂತ ಮನೆ ಖಾಲಿ ಮಾಡೋ ದಿನ ಗೊತ್ತಾಯ್ತು. ಅವಳೂ ಅಳ್ತಿದ್ಲಂತೆ!"

ಹಸಿರು ಗೇಟಿನ ಮನೆಯಲ್ಲಿ ಅವಳಿ ಮಕ್ಕಳು. ಅವರನ್ನು ಕರೆತರುವುದು ಅಜ್ಜಿ. ಮಕ್ಕಳು ಹತ್ತಿದ ಮೇಲೆ ಅಜ್ಜಿ ಅತ್ತ ಇತ್ತ ನೋಡಿ ಬಾಗಿಲಕ್ಕನ ಕಿವಿಗೆ ಬಾಯಿ ಕೊಡುತ್ತಾರೆ. "ಮಕ್ಕಳು ಎಡದ ಬೂಟು ಬಲಕ್ಕೆ ಹಾಕ್ಕೊಳ್ತವೆ, ದಿನಾ ನಮ್ಮ ಸೊಸೆ ಬೈತಾಳೆ. ಒಂದು ಚಿತ್ರಾನ ಮಧ್ಯಕ್ಕೆ ಕತ್ತರಿಸಿ ಎರಡು ಬೂಟಿನೊಳಗೂ ಅರ್ಧರ್ಧ ಅಂಟಿಸಿದ್ರೆ, ಸರಿಯಾಗಿ ಜೋಡಿಸಿಟ್ಟಾಗ ಮಾತ್ರ ಚಿತ್ರ ಪೂರ್ತಿ ಆಗುತ್ತೆ. ಅವಳಿಗೆ ಹೇಳು. ಬೇರೆ ಮನೇದು ಅಂತ ಹೇಳು ಮತ್ತೆ!"

"ನೀವೇ ಹೇಳ್ಬಹುದಲ್ಲ ಅಜ್ಜಿ?"

"ನಾನು ಹೇಳಿದ್ರೆ ಅದು ಕೊಂಕು. ನೀನು ಹೇಳಿದ್ರೆ ಉಪಾಯ."

ಅಷ್ಟರಲ್ಲಿ ಸೊಸೆ ನೀರಿನ ಬಾಟಲಿ ಹಿಡಿದು ಓಡಿ ಬರುತ್ತಾರೆ. ಬಾಗಿಲಕ್ಕ "ಒಂದು ಮನೇಲಿ..." ಎಂದು ಬೂಟಿನ ಮಾತು ಹೇಳುತ್ತಾರೆ. ಸೊಸೆಯ ಕಣ್ಣು ಅರಳುತ್ತದೆ. "ಎಷ್ಟು ಚೆನ್ನಾಗಿದೆ! ಯಾವ ಮನೆಯವರೋ ಪುಣ್ಯಾತ್ಮರು." ಅತ್ತೆ ಗಿಡಕ್ಕೆ ನೀರು ಹಾಕುತ್ತಾ ಆಕಾಶ ನೋಡುತ್ತಾರೆ. ಹೂಜಿಯ ನೀರು ಕುಂಡ ತುಂಬಿ ಅವರ ಪಾದದ ಮೇಲೆ ಹರಿಯುತ್ತಿದೆ.

ಯಾವ ಮಾತು ಯಾವ ಮನೆಯದು ಎಂದು ಬಾಗಿಲಕ್ಕ ಹೇಳುವುದಿಲ್ಲ. ಮನೆಯ ಕಷ್ಟ ಮನೆಯಲ್ಲೇ ಇರಲಿ, ಉಪಾಯವಷ್ಟೇ ಹೊರಗೆ ಬರಲಿ ಎಂಬುದು ಅವರ ನಿಯಮ. ಆದರೆ ಈ ನಿಯಮವೇ ಒಮ್ಮೆ ಅವರ ಕಾಲಿಗೆ ತೊಡರಿತು. ಅದೂ ಅಂಟುವಿನ ಗೇಟಿನಲ್ಲಿ.

ಶಾಲೆ ಶುರುವಾದ ಮೊದಲ ವಾರ. ಅಳುವ ಮಗುವಿಗೆ ಏನು ಮಾಡುವುದೆಂದು ಅಪ್ಪ ಕೇಳಿದಾಗ ಬಾಗಿಲಕ್ಕ ಒಂದು ಮನೆಯ ಉಪಾಯ ಕೊಟ್ಟರು: ಮಗು ಬೇರೆ ಕಡೆ ನೋಡುವಾಗ ಸದ್ದಿಲ್ಲದೆ ಸರಿದುಬಿಡಿ. ಆ ಮನೆಯ ಮಗು ಎರಡೇ ದಿನದಲ್ಲಿ ಅಳು ಮರೆತಿತ್ತು. ಇಲ್ಲಿ ಅಪ್ಪ ಹಾಗೇ ಮಾಡಿದರು. ಮಗುವನ್ನು ವ್ಯಾನು ಹತ್ತಿಸಿ, ಆಚೆ ಕಿಟಕಿಯಲ್ಲಿ ನಾಯಿಮರಿ ತೋರಿಸಿ, ತಾವು ಗೋಡೆಯ ಮರೆಗೆ ಹೋದರು. ಮಗು ತಿರುಗಿ ನೋಡಿತು. ಅಪ್ಪ ಇಲ್ಲ.

"ಅಳ್ಲಿಲ್ಲ ಅದು," ಬಾಗಿಲಕ್ಕ ದನಿ ತಗ್ಗಿಸುತ್ತಾರೆ. "ಅತ್ತಿದ್ರೆ ಚೆನ್ನಾಗಿತ್ತು. ಶಾಲೆವರೆಗೂ ಗೇಟು ಇದ್ದ ಕಡೆಗೇ ನೋಡ್ತಾ ಕೂತಿತ್ತು. ಅವರಮ್ಮನೂ ದಿನಾ ಮಗು ಮಲಗಿದ್ದಾಗಲೇ ಹೋಗ್ತಾರೆ ಅಂತ ನಂಗೆ ಆಮೇಲೆ ಗೊತ್ತಾಗಿದ್ದು. ಆ ಮಗು ಲೆಕ್ಕದಲ್ಲಿ, ಕಣ್ಣು ಆಚೆ ಹೋದ್ರೆ ಮನುಷ್ಯರು ಮಾಯ. ನಾನು ಮಾತು ತಂದುಕೊಟ್ಟೆ, ಮಗು ಯಾವ್ದು ಅಂತ ನೋಡ್ಲಿಲ್ಲ. ಬೇರೆಯವರ ಬೂಟು ತಂದು ಕಾಲಿಗೆ ತುರುಕಿದ ಹಾಗಾಯ್ತು."

ಮರುದಿನದಿಂದ ಅಂಟು ಅಪ್ಪನ ಕಾಲು ಬಿಡಲಿಲ್ಲ. ಬಾಗಿಲಕ್ಕ ಗೇಟಿನಿಂದ ಗೇಟಿಗೆ ಕೇಳುತ್ತಾ ಹೋದರು. ಈಗ ಮೊದಲು ಮಗುವಿನ ವಿಷಯ ಹೇಳಿ, ಆಮೇಲೆ ಉಪಾಯ ಕೇಳುವುದು. ಒಂದು ಮನೆಯವರು, ಅಮ್ಮ ಹೊರಡುವ ಮುಂಚೆ ಮಗುವನ್ನು ಎಬ್ಬಿಸಿ 'ಹೋಗಿ ಬರ್ತೀನಿ' ಅಂತ ಹೇಳಲಿ ಎಂದರು. "ಮಲಗಿರೋ ಮಗೂನ ಎಬ್ಬಿಸಿ ಅಳಿಸೋದಾ?" ಎಂದು ಅಪ್ಪ ಅನುಮಾನಿಸಿದರು. ಆದರೂ ಅಮ್ಮ ಹಾಗೆ ಮಾಡಿದರು. ಮಗು ಅತ್ತಿತು, ಮತ್ತೆ ಮಲಗಿತು. ಎದ್ದ ಮೇಲೆ ಅಮ್ಮನನ್ನು ಮಂಚದ ಕೆಳಗೆ ಹುಡುಕುವುದನ್ನು ಮಾತ್ರ ನಿಲ್ಲಿಸಿತು. ಮನೆಯಲ್ಲೇ ಬಟ್ಟೆ ಹೊಲಿಯುವ ಇನ್ನೊಬ್ಬ ತಾಯಿ, "ನಮ್ಮವಳಿಗೆ ಗುಂಡಿ ಡಬ್ಬ ಕಾಯೋ ಕೆಲಸ ಕೊಟ್ಟೆ, ಅಳು ಬಿಟ್ಲು. ಆ ಮಗೂಗೂ ಏನಾದ್ರೂ ಕೆಲಸ ಕೊಟ್ಟು ನೋಡಿ," ಎಂದರು.

ಕೆಲಸವೇನು ಎಂದು ಬಾಗಿಲಕ್ಕ ನಿನ್ನೆ ಶಾಲೆಯಿಂದ ಮನೆಗೆ ಹೋಗುವಾಗ ಯೋಚಿಸಿದ್ದಾರೆ. ಬೆಳಿಗ್ಗೆ ಡ್ರೈವರಿಗೆ ಹೇಳಿ ಬೈಸಿಕೊಂಡೂ ಆಗಿದೆ.

ಕೊನೆಯ ಗೇಟು ನೀಲಿಯದು. ಅಪ್ಪ ಇವತ್ತು ಎಂದಿನಂತೆ ಮನೆಯ ಬಟ್ಟೆಯಲ್ಲಿಲ್ಲ. ಕೆಲಸದ ಅಂಗಿ, ಹೆಗಲಿಗೆ ಸ್ಪ್ಯಾನರ್ ತುಂಬಿದ ಚೀಲ. ಹಿಂದೆ ಮನೆಗೆ ಬೀಗ ಬಿದ್ದಿದೆ. ಅಂಟು ಒಂದು ಕೈಯಲ್ಲಿ ಅಪ್ಪನ ಚೀಲದ ಪಟ್ಟಿ, ಇನ್ನೊಂದು ಕೈಯಲ್ಲಿ ತನ್ನ ಪುಟ್ಟ ಚೀಲದ ಪಟ್ಟಿ ಹಿಡಿದು ನಿಂತಿದ್ದಾಳೆ.

ಬಾಗಿಲಕ್ಕ ಇಳಿದು ಅವಳ ಎತ್ತರಕ್ಕೆ ಕೂರುತ್ತಾರೆ, ಮಂಡಿ ಲಟಕ್ಕೆನ್ನುತ್ತದೆ. "ನೋಡು ಪುಟ್ಟಿ, ಈ ವ್ಯಾನಿಗೆ ಯಾರಾದ್ರೂ 'ರೈಟ್' ಅನ್ಬೇಕು. ಅನ್ನದಿದ್ರೆ ಇದು ಹೋಗಲ್ಲ. ಇವತ್ತಿಂದ ಅದು ನಿನ್ನ ಕೆಲಸ. ನೀನು ಅನ್ನೋವರೆಗೂ ಮಾಮ ಗಾಡಿ ಬಿಡಲ್ಲ. ಅಲ್ವಾ ಮಾಮ?"

ಡ್ರೈವರ್ ಕನ್ನಡಿಯಲ್ಲಿ ಮೀಸೆ ನೋಡಿಕೊಳ್ಳುತ್ತಾರೆ. "ಹೂಂ. ಯಜಮಾನ್ತಿ ಹೇಳಿದ ಮೇಲೇ."

ಅಂಟು ಅಪ್ಪನನ್ನು ನೋಡುತ್ತಾಳೆ. ಚೀಲ ನೋಡುತ್ತಾಳೆ. ಬೀಗ ನೋಡುತ್ತಾಳೆ. "ಅಪ್ಪ, ನೀನೂ ಹೋಗ್ತೀಯಾ?"

"ಹೂಂ ಮಗಳೇ. ನಾನು ಲಿಫ್ಟಿಗೆ, ನೀನು ಶಾಲೆಗೆ. ಮಧ್ಯಾಹ್ನ ಇಲ್ಲೇ, ಇದೇ ಚೀಲ ಹಾಕ್ಕೊಂಡು ನಿಂತಿರ್ತೀನಿ."

ಪಟ್ಟಿಯ ಮೇಲಿನ ಬೆರಳುಗಳು ಒಂದೊಂದಾಗಿ ಸಡಿಲುತ್ತವೆ. ಅವಳು ಮೆಟ್ಟಿಲು ಹತ್ತುತ್ತಾಳೆ, ತಾನೇ. ಕಿಟಕಿಯ ಸೀಟು. ಬಾಗಿಲು ಮುಚ್ಚುತ್ತದೆ. ಈಗ ಎಲ್ಲರೂ ಕಾಯಬೇಕು.

ಅವಳು ಹೇಳುವುದಿಲ್ಲ. ದೊರೆ, "ಹೇಳೇ, ಹೇಳೇ," ಎಂದು ಕಿರುಚಿದರೆ ಅವಳಿಗಳು ಅವನ ಬಾಯಿ ಮುಚ್ಚುತ್ತಾರೆ. ಡ್ರೈವರ್ ಕೈ ಅಭ್ಯಾಸಬಲದಿಂದ ಹಾರ್ನಿನ ಕಡೆ ಹೋಗಿ, ಬಾಗಿಲಕ್ಕನ ಕಣ್ಣು ಕಂಡು ವಾಪಸಾಗುತ್ತದೆ. ಹೊರಗೆ ಅಪ್ಪ ನಗುತ್ತಾ ನಿಂತಿದ್ದಾರೆ, ಕೆನ್ನೆ ನೋಯುವಷ್ಟು. ಮೊದಲ ಪಾಠದ ಹೊತ್ತು ಹತ್ತಿರವಾಗುತ್ತಿದೆ. ಬಾಗಿಲಕ್ಕ ಶಾಲೆಯ ದಿಕ್ಕಿಗೂ ನೋಡುವುದಿಲ್ಲ, ಮಗುವಿನ ಕಡೆಗೂ ನೋಡುವುದಿಲ್ಲ. ಸುಮ್ಮನೆ ಯಾರದೋ ಕಾಲುಚೀಲ ಮಡಿಸುತ್ತಾರೆ, ಬಿಚ್ಚಿ ಮತ್ತೆ ಮಡಿಸುತ್ತಾರೆ.

"ಅಪ್ಪ, ಟಾಟಾ," ಎನ್ನುತ್ತದೆ ಸಣ್ಣ ದನಿ. ಆಮೇಲೆ, ಉಸಿರು ಎಳೆದುಕೊಂಡು, "ರೈಟ್!"

ಕತೆಗಳಲ್ಲಿ ಒಂದು ಮಾತಿಗೆ ಬಂಡೆಯೇ ಸರಿಯುತ್ತದೆ. ಇಲ್ಲಿ ವ್ಯಾನು ಸರಿಯುತ್ತದೆ. ಮಕ್ಕಳೆಲ್ಲ ಹೋ ಎನ್ನುತ್ತಾರೆ. ಮೊದಲ ಗಂಟೆ ಬಾರಿಸುವಾಗ ವ್ಯಾನು ಶಾಲೆಯ ಅಂಗಳದಲ್ಲಿದೆ. ಮೇಲ್ವಿಚಾರಕರು ಕಿಟಕಿಗೆ ಬಂದು ನೋಡಿ, ಅಂಟುವಿನ ಕೆನ್ನೆ ತಟ್ಟಿ ಒಳಗೆ ಹೋಗುತ್ತಾರೆ. ಬಾಗಿಲಕ್ಕ ಬೆನ್ನಟ್ಟಿ ಹೋಗಿ ಕೇಳಿಯೇಬಿಡುತ್ತಾರೆ, "ಸಾರ್, ನೀಲಿ ಗೇಟು?" "ಇರ್ಲಮ್ಮ, ಇರ್ಲಿ."

ಮಧ್ಯಾಹ್ನ ನೀಲಿ ಗೇಟಿನಲ್ಲಿ ಅಪ್ಪ ಅದೇ ಚೀಲ ಹಾಕಿಕೊಂಡು ನಿಂತಿದ್ದಾರೆ, ಊಟದ ಬಿಡುವಿನಲ್ಲಿ ಓಡಿ ಬಂದ ಬೆವರು ಹಣೆಯ ಮೇಲಿದೆ. ಮಗಳನ್ನು ಪಕ್ಕದ ಮನೆಯ ದೊಡ್ಡಮ್ಮನ ಹತ್ತಿರ ಬಿಟ್ಟು ಮತ್ತೆ ಓಡಬೇಕು. ಅಂಟು ಇಳಿದವಳೇ ಚೀಲ ಮುಟ್ಟಿ ನೋಡುತ್ತಾಳೆ. "ಅಪ್ಪ, ನಾನು ಹೇಳಿದ್ದಕ್ಕೇ ಗಾಡಿ ಹೋಯ್ತು!"

ಅಪ್ಪ ವ್ಯಾನಿನ ಬಾಗಿಲ ಹತ್ತಿರ ಬಂದು, ಸ್ವಲ್ಪ ಸಂಕೋಚದಿಂದ ಹೇಳುತ್ತಾರೆ, "ಅಕ್ಕ, ಇಷ್ಟು ದಿನ ಇಸ್ಕೊಂಡಿದ್ದೇ ಆಯ್ತು. ಇವತ್ತು ನಾನೊಂದು ಕೊಡ್ತೀನಿ. ಮಗು ಜೊತೆ ಗೇಟಿಗೆ ಬರುವಾಗ ನಾವೂ ಚೀಲ ಹಾಕ್ಕೊಂಡು, ಬೀಗ ಹಾಕ್ಕೊಂಡೇ ಬರ್ಬೇಕು. ಮನೇಲಿ ಯಾರೂ ಉಳಿಯಲ್ಲ ಅಂತ ಕಂಡ್ರೆ, ತನ್ನೊಬ್ಬಳನ್ನೇ ಹೊರಗೆ ಹಾಕ್ತಿದಾರೆ ಅಂತ ಅನ್ಸಲ್ಲ. ಇದು ಯಾರೂ ಹೇಳ್ಕೊಟ್ಟಿದ್ದಲ್ಲ. ನಾವಿಬ್ರೇ, ನಾನೂ ಇವರಮ್ಮನೂ, ಯೋಚ್ನೆ ಮಾಡಿದ್ದು."

ಬಾಗಿಲಕ್ಕ ತಲೆಯಾಡಿಸುತ್ತಾರೆ. ಬಾಯಲ್ಲಿ ಒಮ್ಮೆ ಹೇಳಿಕೊಂಡು ನೋಡುತ್ತಾರೆ: "ಒಂದು ಮನೇಲಿ, ಅಪ್ಪನೂ ಚೀಲ ಹಾಕ್ಕೊಂಡು..."

"ಅಕ್ಕ." ಅಪ್ಪ ತಡೆಯುತ್ತಾರೆ. "ಒಂದು ಮನೆ ಅಂತ ಬೇಡ. ನೀಲಿ ಗೇಟಿನವರದು ಅಂತ್ಲೇ ಹೇಳಿ."

ಬಾಗಿಲಕ್ಕ ಮಂಡಿಗೆ ಕೈ ಕೊಡದೆ, ಒಂದೇ ಹೆಜ್ಜೆಗೆ ಒಳಗೆ ಹತ್ತಿ ಬಾಗಿಲು ಎಳೆಯುತ್ತಾರೆ.

"ಮುಗೀತಾ ಮೀಟಿಂಗು?" ಡ್ರೈವರ್ ಗೊಣಗುತ್ತಾರೆ.

"ಸುಮ್ನೆ ಓಡ್ಸಿ. ನೀಲಿ ಗೇಟಿನವರ ಮಾತೊಂದಿದೆ, ಬಿಸಿ ಆರೋದ್ರೊಳಗೆ ಮುಟ್ಟಿಸ್ಬೇಕು."