ಮುಂದಿನ ಉರುಳೆ

ಆಷಾಢ ಬಂತೆಂದರೆ ವಿಜಯನಗರದ ಛತ್ರಗಳು ಬಾಗಿಲು ಹಾಕಿಕೊಂಡು ಮಲಗುತ್ತವೆ. ಆ ತಿಂಗಳು ಯಾರೂ ಮದುವೆ ಮಾಡುವುದಿಲ್ಲವಲ್ಲ. ಅಂಥ ಒಂದು ಛತ್ರದ ನೆಲಮಾಳಿಗೆಯಲ್ಲಿರುವ ಊಟದ ಹಾಲ್ ಹನ್ನೆರಡು ವರ್ಷಗಳಿಂದ ನಮ್ಮ ಸೈಕಲ್ ಬಳಗದ ಪಾಲಿಗೆ ಬರುತ್ತಿದೆ. ಹೊರಗೆ ಮಳೆ, ಮಾಗಡಿ ರಸ್ತೆಯಲ್ಲಿ ಗುಂಡಿ ಯಾವುದು ನೀರು ಯಾವುದು ಗೊತ್ತಾಗುವುದಿಲ್ಲ. ರೇಸುಗಳೆಲ್ಲ ಇನ್ನು ಚಳಿಗಾಲಕ್ಕೇ. ಅಲ್ಲಿಯವರೆಗೆ ಕಾಲು ಜಡ ಹಿಡಿಯಬಾರದೆಂದು ಬೆಳಿಗ್ಗೆ ಐದೂವರೆಗೆ ಅಲ್ಲಿ ಸೇರುತ್ತೇವೆ. ಊಟದ ಮೇಜುಗಳನ್ನು ಗೋಡೆಗೆ ಒತ್ತರಿಸಿ, ರೋಲರ್‌ಗಳನ್ನು ಸಾಲಾಗಿ ಇಟ್ಟುಕೊಂಡು ತುಳಿಯುತ್ತೇವೆ. ಒಂದು ಗಂಟೆ ತುಳಿದರೂ ಇದ್ದಲ್ಲೇ ಇರುತ್ತೇವೆ. ಹಳೆಯ ಸಾಂಬಾರಿನ ವಾಸನೆ ಮಾತ್ರ ಗೋಡೆಯಿಂದ ಇಳಿದು ಬಂದು ಹಸಿವು ಮಾಡಿಸುತ್ತದೆ.

ನೋಡದವರಿಗಾಗಿ ಹೇಳುತ್ತೇನೆ. ರೋಲರ್ ಎಂದರೆ ನೆಲದ ಮೇಲೆ ಮಲಗಿಸಿದ ಏಣಿಯಂಥ ಒಂದು ಕಬ್ಬಿಣದ ಚೌಕಟ್ಟು. ಅದರಲ್ಲಿ ಮೂರು ಉರುಳೆ: ಸೈಕಲ್ಲಿನ ಹಿಂದಿನ ಚಕ್ರದ ಕೆಳಗೆ ಎರಡು, ಮುಂದಿನ ಚಕ್ರದ ಕೆಳಗೆ ಒಂದು. ಸೈಕಲ್ಲನ್ನು ಯಾವುದಕ್ಕೂ ಕಟ್ಟಿರುವುದಿಲ್ಲ. ಕಂಬವನ್ನೋ ಗೋಡೆಯನ್ನೋ ಹಿಡಿದು ಹತ್ತಿ, ತುಳಿಯಲು ಶುರು ಮಾಡಿ, ಆಮೇಲೆ ಕೈ ಬಿಡಬೇಕು. ಮನಸ್ಸು ಒಂದು ಗಳಿಗೆ ಆಚೆ ಹೋದರೂ ಚಕ್ರ ಅದರ ಹಿಂದೆಯೇ ಹೋಗುತ್ತದೆ, ನೀವು ಜಮಖಾನದ ಮೇಲೆ ಬಿದ್ದಿರುತ್ತೀರಿ. ನನಗೆ ಕಂಬದಿಂದ ಕೈ ಬಿಡಲು ಒಂದು ಇಡೀ ಆಷಾಢ ಹಿಡಿದಿತ್ತು.

ಹಾಲ್‌ನಲ್ಲಿದ್ದ ರೋಲರ್‌ಗಳೆಲ್ಲ ನನ್ನ ಕೈಯವು. ಕಾಮಾಕ್ಷಿಪಾಳ್ಯದಲ್ಲಿ ನನ್ನದೊಂದು ಸಣ್ಣ ಲೇತ್ ವರ್ಕ್‌ಶಾಪ್ ಇದೆ. ಬಿಡುವಿದ್ದಾಗ ಪೈಪು ಕೊಯ್ದು, ತಿರುಗಿಸಿ, ನಯ ಮಾಡಿ ಒಬ್ಬೊಬ್ಬರಿಗೂ ಮಾಡಿಕೊಟ್ಟಿದ್ದೆ. ಹಾಗಾಗಿ ರೋಲರ್ ವಿಷಯದಲ್ಲಿ ನನ್ನ ಮಾತೇ ಮಾತು. ಬಳಗದ ಹಿರಿಯರಾದ ಮೇಷ್ಟ್ರು ಕೂಡ ಹಾಗೇ ನಡೆಸಿಕೊಂಡು ಬಂದಿದ್ದರು. ಅವರು ಶಾಲೆಯೊಂದರಲ್ಲಿ ಪಿ.ಟಿ. ಮೇಷ್ಟ್ರಾಗಿ ನಿವೃತ್ತರಾದವರು. ಪ್ರಾಯದಲ್ಲಿ ಮೈಸೂರಿಗೆ ಹೋಗಿ ಅದೇ ದಿನ ತುಳಿದು ವಾಪಸು ಬರುತ್ತಿದ್ದ ರಸ್ತೆಯ ಮನುಷ್ಯ. ರೋಲರ್ ಮಾತ್ರ ಒಮ್ಮೆಯೂ ಹತ್ತಿದವರಲ್ಲ.

ಎರಡು ವರ್ಷದ ಹಿಂದೆ ಆಷಾಢದ ಮೊದಲನೆಯ ದಿನ ಅವರು ಮೆಟ್ಟಿಲಿಳಿದು ಬಂದು, ಮಂಡಿ ನೀವಿಕೊಳ್ಳುತ್ತಾ ಹೇಳಿದರು: "ಈ ಸಲ ತಿಂಗಳು ಮುಗಿಯೋದ್ರೊಳಗೆ ಇಲ್ಲಿನ ಉಸ್ತುವಾರಿ ಯಾರಿಗಾದ್ರೂ ಒಪ್ಪಿಸ್ಬಿಡ್ತೀನಿ ಕಣ್ರಪ್ಪಾ. ನನ್ ಮಂಡಿ ಈ ಮೆಟ್ಲು ಒಪ್ತಿಲ್ಲ."

ಹೇಳುವಾಗ ನನ್ನ ಕಡೆ ನೋಡಿದರು. ಇನ್ನು ಯಾರ ಕಡೆ ನೋಡಬೇಕು ಹೇಳಿ. ಮನೆಗೆ ಹೋಗಿ ಹೆಂಡತಿಗೆ, "ಆಯ್ತು ಅನ್ಕೋ. ಇನ್ಮೇಲೆ ನಾನೇ ಅಲ್ಲಿ ಮೇಷ್ಟ್ರು" ಎಂದೆ.

"ಆಗ್ಲಿ, ಆಮೇಲ್ ಹೇಳಿ" ಎಂದಳು ಅವಳು.

ಅವನು ಬಂದದ್ದು ಮೂರನೆಯ ದಿನ. ವಿಜಯಪುರದ ಕಡೆಯ ಹುಡುಗ, ಇಪ್ಪತ್ತೈದು ಇರಬಹುದು. ಸುಂಕದಕಟ್ಟೆಯಲ್ಲಿ ಇನ್ನು ನಾಲ್ವರ ಜೊತೆ ಒಂದು ರೂಮು, ದಿನವಿಡೀ ಬೈಕಿನಲ್ಲಿ ಮನೆಮನೆಗೆ ಊಟ ತಲುಪಿಸುವ ಕೆಲಸ. ಊರಿನ ಕ್ರೀಡಾ ಹಾಸ್ಟೆಲಿನಲ್ಲಿ ಓದುವಾಗ ರೇಸು ಓಡಿದ್ದನಂತೆ. ಜೋಳದ ದಂಟಿನ ಹಾಗೆ ಉದ್ದ. ತನ್ನಷ್ಟೇ ಉದ್ದದ ಹಳೆಯ ಸೈಕಲ್ಲನ್ನು ಭುಜದ ಮೇಲಿಟ್ಟುಕೊಂಡು ಮೆಟ್ಟಿಲಿಳಿದ. ಮೇಷ್ಟ್ರು ಎತ್ತು ಕೊಳ್ಳುವವರ ಹಾಗೆ ಬಗ್ಗಿ ಅವನ ಮೀನಖಂಡ ಒತ್ತಿ ನೋಡಿ, "ಕಾಲು ಅಂದ್ರೆ ಇದು" ಎಂದರು.

ಹತ್ತು ವರ್ಷದಲ್ಲಿ ನನ್ನ ಕಾಲನ್ನು ಅವರು ಒಮ್ಮೆಯೂ ಮುಟ್ಟಿರಲಿಲ್ಲ.

"ನಿನ್ ಹತ್ರ ಇನ್ನೊಂದ್ ರೋಲರ್ ಐತಲ್ಲ, ಕೊಡೋ ಇವನಿಗೆ" ಎಂದರು ನನಗೆ. ಕೊಟ್ಟೆ. ಆದರೆ ಒಂದು ಕೆಲಸ ಮಾಡಲಿಲ್ಲ, ಈಗ ಅದನ್ನು ಹೇಳಬೇಕು. ಮುಂದಿನ ಉರುಳೆ ಯಾವಾಗಲೂ ಮುಂದಿನ ಚಕ್ರದ ನಡುವಿಗಿಂತ ಒಂದೆರಡು ಬೆರಳು ಮುಂದಿರಬೇಕು. ಸೈಕಲ್ಲಿನ ಉದ್ದಕ್ಕೆ ತಕ್ಕಂತೆ ಅದನ್ನು ಸರಿಸಲೆಂದೇ ಚೌಕಟ್ಟಿನಲ್ಲಿ ಸಾಲಾಗಿ ತೂತು ಕೊರೆದಿರುತ್ತೇನೆ. ಆ ರೋಲರ್ ಕುಳ್ಳನಾದ ನನ್ನ ಸೈಕಲ್ಲಿಗೆ ಕೂಡಿಸಿದ್ದು. ಅವನ ಸೈಕಲ್ಲಿಗೆ ಒಂದು ತೂತು ಮುಂದೆ ಹೋಗಬೇಕಿತ್ತು. ಎರಡು ಬೋಲ್ಟಿನ ಕೆಲಸ; ಸ್ಪ್ಯಾನರ್ ನನ್ನ ಜೇಬಿನಲ್ಲೇ ಇತ್ತು. ಉರುಳೆ ಹಿಂದೆ ಉಳಿದರೆ ಹ್ಯಾಂಡಲ್ ಹಾವಿನ ಹೆಡೆಯ ಹಾಗೆ ಆಡುತ್ತದೆ. ಅದು ಗೊತ್ತಿದ್ದವನು ಆ ಹಾಲ್‌ನಲ್ಲಿ ನಾನೊಬ್ಬನೇ. ನಾನು ಸುಮ್ಮನೆ ಹೋಗಿ ನನ್ನ ಸೈಕಲ್ ಹತ್ತಿದೆ.

ಅವನು ಹತ್ತಿದ, ಬಿದ್ದ. ಮತ್ತೆ ಹತ್ತಿದ, ಮತ್ತೆ ಬಿದ್ದ.

"ನಮ್ಮ ಹಾಸ್ಟೆಲ್ದಾಗಿನ್ ರೋಲರ್ ಹಿಂಗ್ ಕುಣೀತಿರ್ಲಿಲ್ರಿ ಅಣ್ಣಾರ" ಎಂದ ಮೊಣಕೈ ಉಜ್ಜಿಕೊಳ್ಳುತ್ತಾ. "ಅದಕ್ಕ ಎಲ್ಲಾ ಬೆಸಗಿ ಹಾಕಿ ಬಿಟ್ಟಿದ್ರು."

"ಇದು ಸ್ವಲ್ಪ ಸೂಕ್ಷ್ಮ" ಎಂದೆ.

"ಹಂಗಾದ್ರ ನಾನ ಕಲೀಬೇಕ್ ಬಿಡ್ರಿ" ಎಂದು ನಕ್ಕು ಮೂರನೆಯ ಸಲ ಬಿದ್ದ.

ನನಗೆ ಅವತ್ತು ಉಪ್ಪಿಟ್ಟೂ ರುಚಿಯಾಗಿತ್ತು. ಆದರೆ ಬಂದ ನಾಲ್ಕನೆಯ ದಿನ ಅವನು ಬೀಳಲಿಲ್ಲ. ಆರನೆಯ ದಿನ ಕಂಬದ ಹತ್ತಿರ ರೋಲರ್ ಇಡುವುದನ್ನೇ ಬಿಟ್ಟ. ಎಂಟನೆಯ ದಿನ ಎರಡೂ ಕೈ ಬಿಟ್ಟು ತುಳಿಯುತ್ತಲೇ ಒದ್ದೆ ಜರ್ಕಿನ್ ಬಿಚ್ಚಿ, ಮಡಿಸಿ, ಮೇಜಿನ ಮೇಲೆ ಎಸೆದ. ಬಳಗದ ಶಾಲೆ-ಕಾಲೇಜು ಮಕ್ಕಳೆಲ್ಲ ತುಳಿಯುವುದು ನಿಲ್ಲಿಸಿ ನೋಡಿದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ನನ್ನ ಹತ್ತು ವರ್ಷದ ಗಡಿಗೆಗಳೆಲ್ಲ ಅವತ್ತು ಒಡೆದವು. ಅದೂ ನಾನೇ ಕೊಟ್ಟ ರೋಲರ್ ಮೇಲೆ, ಅವನು ಬೀಳಲಿ ಅಂತ ನಾನು ಬಿಟ್ಟ ಉರುಳೆಯ ಮೇಲೆ. ಕುಣಿಯುವ ಹ್ಯಾಂಡಲನ್ನು ಹಿಡಿತದಲ್ಲಿಡುವುದು ಕಲಿತವನಿಗೆ ಇನ್ನು ಯಾವುದು ಕಷ್ಟ?

"ನಿಮ್ ಮುಖ ನೋಡಿದ್ರೆ ಹಾಲು ಒಡ್ದೋಗುತ್ತೆ. ಯಾರ್ ಬಂದ್ರು ಅಲ್ಲಿ?" ಎಂದಳು ಹೆಂಡತಿ. ಅವಳಿಗೆ ಏನೂ ಹೇಳಿರಲಿಲ್ಲ.

ಮಾರನೆಯ ದಿನ ಮೇಷ್ಟ್ರು ಅವನ ಪಕ್ಕ ಕಷ್ಟಪಟ್ಟು ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಕರೆದರು.

"ಎಲ್ರದ್ದೂ ಉರುಳೆ ಚಕ್ರದ ನಡುವಿಗಿಂತ ಮುಂದೈತೆ. ಇವನದ್ದು ಹಿಂದೈತೆ. ಬೇಕಂತ ಹಂಗಿಟ್ಟಿದ್ದಾ?"

"ಹೂಂ ಸಾರ್, ಬೇಕಂತಲೇ" ಎಂದೆ. ಅದು ಸುಳ್ಳೂ ಅಲ್ಲ.

"ಭೇಷ್. ಗುಟ್ಟು ಇಲ್ಲೈತೆ ನೋಡ್ರಪ್ಪಾ" ಎಂದು ನನ್ನ ಬೆನ್ನು ತಟ್ಟಿದರು. "ಎಲ್ರದ್ದೂ ಹಿಂಗೇ ಮಾಡ್ಬಿಡು."

ಎಷ್ಟೋ ವರ್ಷದಿಂದ ಕಾದಿದ್ದ ಹೊಗಳಿಕೆ ಕೊನೆಗೂ ಸಿಕ್ಕಿತ್ತು, ಬೇರೊಬ್ಬ ಬೀಳಲಿ ಎಂದು ಮಾಡಿದ್ದಕ್ಕೆ. ಆಗಲೇ ಬಾಯಿ ಬಿಡಬೇಕಿತ್ತು. ಬದಲಿಗೆ ಮಂಡಿಯೂರಿ ಏಳು ರೋಲರ್‌ಗಳ ಬೋಲ್ಟು ಬಿಚ್ಚಿ, ಏಳೂ ಉರುಳೆಗಳನ್ನು ಒಂದೊಂದು ತೂತು ಹಿಂದಕ್ಕೆ ಸರಿಸಿದೆ. ನನ್ನದನ್ನೂ ಸೇರಿಸಿ.

ಆ ಬೆಳಿಗ್ಗೆ ಹಾಲ್‌ನಲ್ಲಿ ಬೀಳದವರಿಲ್ಲ. ಮೊದಮೊದಲು ಎಲ್ಲರಿಗೂ ನಗು. ನಾನೂ ಬಿದ್ದೆ. ಅಷ್ಟರಲ್ಲಿ ಬಸವೇಶ್ವರನಗರದಿಂದ ಬರುತ್ತಿದ್ದ ಪಿಯುಸಿ ಹುಡುಗಿಯ ಮುಂದಿನ ಚಕ್ರ ಜಾರಿತು. ಅವಳು ಊಟ ಬಡಿಸುವ ಸ್ಟೀಲ್ ಕೌಂಟರಿಗೆ ಕೈ ಕೊಟ್ಟು ಬಿದ್ದಳು. ಕೈ ತೊಳೆಯುವ ನಲ್ಲಿಗಳ ಸಾಲಿಗೆ ಕರೆದುಕೊಂಡು ಹೋಗಿ ಮಣಿಕಟ್ಟಿನ ಮೇಲೆ ನೀರು ಬಿಟ್ಟೆ. ನೋಡುತ್ತಿದ್ದಂತೆ ಅದು ಬನ್ನಿನ ಹಾಗೆ ಉಬ್ಬಿತು.

"ನಂದೇ ತಪ್ಪು ಸಾರ್" ಎಂದಳು ಮೇಷ್ಟ್ರಿಗೆ. "ಆ ಅಣ್ಣನ್ ಥರ ನಂಗೆ ಬರಲ್ಲ."

"ಅವನೂ ಬಿದ್ದೇ ಕಲ್ತಿದ್ದು ಕಣಮ್ಮಾ. ಕೈ ವಾಸಿಯಾಗ್ಲಿ, ಮತ್ತೆ ಹತ್ತುವೆಯಂತೆ. ಇದೇ ಸರಿಯಾದ ಸೆಟಿಂಗು."

ನೀರು ಬಿಡುತ್ತಿದ್ದ ನನ್ನ ಕೈ ನಿಂತಿತು.

"ಹತ್ತಿಸ್ಬೇಡಿ ಸಾರ್. ಆ ಸೆಟಿಂಗ್ ತಪ್ಪು."

"ನೀನೇ ಬೇಕಂತ ಇಟ್ಟೆ ಅಂದ್ಯಲ್ಲೋ?"

"ಬೇಕಂತಲೇ ಇಟ್ಟೆ ಸಾರ್. ಅವನು ಬೀಳ್ಲಿ ಅಂತ."

ವಿಜಯಪುರದವನು ತುಳಿಯುವುದು ನಿಲ್ಲಿಸಿದ. ಉರುಳೆಗಳು ಗುಂಯ್ ಎಂದು ತಮ್ಮಷ್ಟಕ್ಕೆ ನಿಧಾನವಾಗಿ ನಿಂತವು. ಅವನು ಇಳಿದು ಬಂದು ನನ್ನ ಮುಂದೆ ಕೈಚಾಚಿದ. ಹೊಡೆಯುತ್ತಾನೆ ಎಂದುಕೊಂಡೆ.

"ಸ್ಪ್ಯಾನರ್ ಕೊಡ್ರಿಲ್ಲೆ. ಎಷ್ಟ್ ತೂತ್ ಸರಸಬೇಕ್ರಿ?"

"ಒಂದು. ಮುಂದಕ್ಕೆ."

ತಾನೇ ಸರಿಸಿಕೊಂಡು, ಹತ್ತಿ, ನಾಲ್ಕು ಸುತ್ತು ತುಳಿದು ನೋಡಿದ. "ಅಯ್ಯ, ಇದು ಹಾಸ್ಗಿ ಮ್ಯಾಲ್ ಮಲಗಿದಂಗ್ ಐತಲ್ರಿ" ಎಂದು ನಗತೊಡಗಿದ. ಮಣಿಕಟ್ಟು ಹಿಡಿದುಕೊಂಡಿದ್ದ ಹುಡುಗಿಯೂ ನಕ್ಕಳು. ನನಗೆ ಮಾತ್ರ ಅವನು ನಾಲ್ಕು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಬೈಯದವನ ಮುಂದೆ ನಿಲ್ಲುವುದು ಕಷ್ಟ.

ಮೂಳೆಗೆ ಏನೂ ಆಗಿರಲಿಲ್ಲ, ಉಳುಕು ಅಷ್ಟೇ. ಹುಡುಗಿ ಹತ್ತು ದಿನ ಪಟ್ಟಿ ಕಟ್ಟಿಕೊಂಡಿದ್ದಳು. ಅವಳ ಮನೆಗೆ ಹೋಗಿ ಅವರಪ್ಪನ ಹತ್ತಿರ ನಡೆದದ್ದೆಲ್ಲ ಹೇಳಿ ಬಂದೆ. ಮೇಷ್ಟ್ರು ತಿಂಗಳ ಉಳಿದ ದಿನಗಳಲ್ಲಿ ನನ್ನೊಡನೆ ಲೈಟು, ಫ್ಯಾನು, ಜಮಖಾನದ ಮಾತು ಬಿಟ್ಟು ಬೇರೆ ಆಡಲಿಲ್ಲ.

ಕೊನೆಯ ದಿನ ಎಲ್ಲರನ್ನೂ ಕೂರಿಸಿಕೊಂಡು, ಹಾಲ್‌ನ ಬೀಗದ ಕೈಯನ್ನು ವಿಜಯಪುರದವನ ಕಡೆ ಚಾಚಿದರು. "ಮುಂದಿನ ಆಷಾಢದಿಂದ ನೀನ್ ನೋಡ್ಕೊಳಪ್ಪಾ."

ಅದನ್ನು ಕಣ್ಣಾರೆ ನೋಡಿದೆ. ಗೊತ್ತಿದ್ದ ವಿಷಯವೇ.

"ಆಗಂಗಿಲ್ರಿ ಸರ" ಎಂದ ಅವನು. "ಮುಂಜಾನಿ ಇಡ್ಲಿ ಆರ್ಡರ್ ಭಾಳ ಬರ್ತಾವ. ಇಷ್ಟ್ ದಿನಾ ಫೋನ್ ಬಂದ್ ಮಾಡಿ ಬಂದೀನಿ, ಇನ್ ಮ್ಯಾಲ್ ನಡಿಯಂಗಿಲ್ರಿ. ಇವ್ರು ಅದಾರಲ್ರಿ."

"ಇವನಾ?" ಎಂದರು ಮೇಷ್ಟ್ರು.

"ರೋಲರ್ ಇವರ್ವು. ಅಳತಿ ಇವರ್ಗೇ ಗೊತ್ತು. ಸುಳ್ಳು ಹೇಳಾಕ್ ಬರ್ತೈತ್ರಿ, ಆದ್ರ ಭಾಳ ದಿನ ಇಟಗೊಳ್ಳಾಕ್ ಬರಂಗಿಲ್ಲ ಇವರಿಗೆ."

ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. ಬೀಗದ ಕೈಯನ್ನು ನನ್ನ ಮಡಿಲಿಗೆ ಎಸೆದು, "ಎಲ್ರದ್ದೂ ಅಳ್ದು ಹಾಕು. ಎಲ್ರದ್ದೂ" ಎಂದರು.

ಹೀಗೆ ನನಗೆ ಬೇಕಾದದ್ದು ಸಿಕ್ಕಿತು, ಅವನು ಬೇಡ ಅಂದದ್ದರಿಂದ. ಮನೆಯಲ್ಲಿ ಹೇಳಿದಾಗ ಹೆಂಡತಿ ಪಾಯಸ ಮಾಡಿದಳು. ಎರಡನೆಯ ಸಲ ಹಾಕಿಸಿಕೊಳ್ಳಲು ಮನಸ್ಸಾಗಲಿಲ್ಲ.

ಈಗ ಎರಡು ಆಷಾಢದಿಂದ ನಾನೇ ನಡೆಸುತ್ತಿದ್ದೇನೆ. ಹೊಟ್ಟೆಕಿಚ್ಚು ಹೋಯಿತೆಂದು ಬರೆದರೆ ಸುಳ್ಳಾದೀತು. ಆರ್ಡರ್ ಕಡಿಮೆಯಿರುವ ದಿನ ಅವನೂ ಬರುತ್ತಾನೆ, ಸಾಲಿನ ಕೊನೆಯಲ್ಲಿ ಕೂತು ತುಳಿಯುತ್ತಾನೆ. ನಾನು ಮುಂದೆ ನಿಂತು, "ಭುಜ ಸಡಿಲ ಬಿಡಿ, ಉಸಿರು ಕಟ್ಬೇಡಿ" ಎನ್ನುತ್ತೇನೆ. ಮಕ್ಕಳು "ಸರಿ ಸಾರ್" ಎಂದು ನನಗೆ ಹೇಳಿ, ಕತ್ತು ತಿರುಗಿಸಿ ಅವನ ಭುಜ ನೋಡುತ್ತಾರೆ. ನೋಡಬೇಡಿ ಎಂದು ಹೇಗೆ ಹೇಳಲಿ? ಸ್ವಲ್ಪ ಹೊತ್ತಿಗೆ ನಾನೂ ಮಾತು ನಿಲ್ಲಿಸಿ ಅಲ್ಲಿಗೇ ನೋಡುತ್ತಿರುತ್ತೇನೆ.