ಮೂಕಪ್ಪನ ಅರವತ್ತೆಂಟರ ಜೀಪು

ಯಾವ ಗಳಿಗೆಯಲ್ಲಿ ಆ ಹೆಸರಿಟ್ಟರೋ ಏನೋ, ಜಗಳೂರಿನ ಬಸ್ ಸ್ಟ್ಯಾಂಡಿನಲ್ಲಿ ಮೂಕಪ್ಪನಷ್ಟು ಮಾತಾಡುವವನು ಇನ್ನೊಬ್ಬನಿರಲಿಲ್ಲ. ಚಾ ಕುಡಿಯುವಾಗಲೂ ಮಾತು, ಬೀಡಿ ಹಚ್ಚುವಾಗಲೂ ಮಾತು. ಸ್ಟೇರಿಂಗ್ ಹಿಡಿದು ಕೂತನೆಂದರೆ ಪಕ್ಕದವರಿಗೆ ಬಾಯಿ ತೆರೆಯಲು ಸಂದೇ ಸಿಗುತ್ತಿರಲಿಲ್ಲ. ಆ ಮಾತಿನಲ್ಲಿ ಮುಕ್ಕಾಲು ಪಾಲು ಜೀಪಿನದು, ಅದರಲ್ಲೂ ಯಾವ ಜೀಪು ಯಾವ ವರ್ಷದ್ದು ಎಂಬುದು.

ಲಾರಿ ಕ್ಲೀನರ್ ಆಗಿ ಶುರುಮಾಡಿದವನು ಲೈಸೆನ್ಸ್ ಮಾಡಿಸಿಕೊಂಡು ಎಪ್ಪತ್ತಾರರಲ್ಲಿ ಹೊನ್ನಾಳಿಗೆ ಹೋಗಿ, ಜಯದೇವಪ್ಪ ಎಂಬ ರಸ್ತೆ ಕಂಟ್ರಾಕ್ಟರರ ಹತ್ತಿರ ಡ್ರೈವರ್ ಆದ. ಜಯದೇವಪ್ಪನವರಲ್ಲಿ ಎರಡು ಜೀಪುಗಳಿದ್ದವು. ಒಂದು ಅರವತ್ತೆಂಟನೇ ಇಸವಿಯದು, ಇನ್ನೊಂದು ಎಪ್ಪತ್ನಾಲ್ಕರದು. ಹಳೆಯದೆಂದರೆ ಯಜಮಾನರಿಗೆ ಪ್ರಾಣ. ಅದರಲ್ಲಿ ಅವರೊಬ್ಬರೇ ಓಡಾಡುತ್ತಿದ್ದರು. ಹೊಸದನ್ನು ಕೆಲಸಕ್ಕೆ ಹಚ್ಚಿದ್ದರು. ಟಾರ್ ಡ್ರಮ್ಮು, ಜಲ್ಲಿ ಚೀಲ, ಕೂಲಿಯಾಳುಗಳು ಎಲ್ಲಾ ಅದರ ಬೆನ್ನ ಮೇಲೆ. ಮೂಕಪ್ಪ ಓಡಿಸುತ್ತಿದ್ದದ್ದು ಅದನ್ನೇ.

ಒಂದು ದಿನ ಯಜಮಾನರ ನೆಂಟರ ಮದುವೆಗೆ ಗಂಡಿನ ಕಡೆಯವರನ್ನು ಕರೆದೊಯ್ಯುವ ಕೆಲಸ ಬಂತು. ಮದುಮಗ, ಅವನ ಸೋದರಮಾವ, ಹಿಂದೆ ಹೆಂಗಸರು ಮಕ್ಕಳು. ಜೀಪು ತುಂಗಭದ್ರೆಯ ಸೇತುವೆಯ ನಟ್ಟನಡುವೆ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಸೆಲ್ಫ್ ಹೊಡೆದರೂ ಇಲ್ಲ, ಹ್ಯಾಂಡಲ್ ತಿರುಗಿಸಿದರೂ ಇಲ್ಲ. ಹಿಂದೆ ಬಸ್ಸು, ಎತ್ತಿನ ಗಾಡಿ ಸಾಲುಗಟ್ಟಿ ಕೂಗತೊಡಗಿದವು. ಕೊನೆಗೆ ಬಾಸಿಂಗ ಕಟ್ಟಿದ ಮದುಮಗನೇ ಪಂಚೆ ಎತ್ತಿ ಕಟ್ಟಿ ಜೀಪಿಗೆ ಹೆಗಲು ಕೊಟ್ಟ. ಮುಹೂರ್ತ ತಪ್ಪಲಿಲ್ಲ, ಆದರೆ ಊಟದ ಪಂಕ್ತಿಯಲ್ಲಿ ಎಲ್ಲರೆದುರು ಜಯದೇವಪ್ಪನವರು ಮೂಕಪ್ಪನಿಗೆ ಉಗಿದ ಉಗಿತಕ್ಕೆ ಅವನು ಎಲೆ ಬಿಟ್ಟು ಎದ್ದು ಹೋದ.

ಅವತ್ತಿನಿಂದ ಎಪ್ಪತ್ನಾಲ್ಕು ಎಂಬ ಅಂಕಿ ಕಂಡರೆ ಅವನಿಗೆ ಆಗದಾಯಿತು. "ಆ ವರ್ಷ ಇಂಜಿನ್ ಮಾಡಿದೋರಿಗೆ ಏನೋ ಮಂಕು ಕವಿದಿತ್ತು. ಅರವತ್ತೆಂಟು ನೋಡ್ರಿ, ಕಬ್ಬಿಣ ಅಂದ್ರೆ ಕಬ್ಬಿಣ," ಎಂದು ಕಂಡವರಿಗೆಲ್ಲ ಹೇಳುತ್ತ ಬಂದ. ಅಷ್ಟು ಗಟ್ಟಿಯಾಗಿ ಹೇಳುವವನ ಮಾತನ್ನು ಜನ ನಂಬಿದರು. ನ್ಯಾಮತಿಯಿಂದ ಚನ್ನಗಿರಿಯವರೆಗೆ ಯಾರಾದರೂ ಹಳೆ ಜೀಪು ಕೊಳ್ಳುವುದಿದ್ದರೆ ಮೊದಲು ಮೂಕಪ್ಪನನ್ನು ಕರೆದುಕೊಂಡು ಹೋಗುವುದು ರೂಢಿಯಾಯಿತು. ಅದರಲ್ಲಿ ಅವನಿಗೆ ಸಿಗುತ್ತಿದ್ದದ್ದು ಒಂದು ಹೊತ್ತಿನ ಊಟ ಮತ್ತು ಮರ್ಯಾದೆ. ಅವನಿಗೂ ಅಷ್ಟೇ ಬೇಕಿತ್ತು.

ಕತ್ತಲಗೆರೆಯ ಗಿಡ್ಡಪ್ಪ ಎಂಬ ಭತ್ತದ ವ್ಯಾಪಾರಿ ಹಾಗೊಮ್ಮೆ ಅವನನ್ನು ಕರೆಸಿದ. ಹಸಿರು ಬಣ್ಣದ ಜೀಪೊಂದು ಅಂಗಳದಲ್ಲಿ ನಿಂತಿತ್ತು. ಮಾರುವವನು ಬಾನೆಟ್ ಎತ್ತಲು ಹೋದ.

"ಯಾವ ಮಾಡೆಲ್ಲು?" ಎಂದ ಮೂಕಪ್ಪ.

"ಎಪ್ಪತ್ನಾಲ್ಕು."

"ಮುಚ್ಚಿಬಿಡ್ರಿ. ಗಿಡ್ಡಪ್ಪಾರೆ, ನಡೀರಿ ಹೋಗಾಣ."

"ಒಂದ್ಸಲ ಸ್ಟಾರ್ಟ್ ಮಾಡಿ ನೋಡಾಣ ಕಣೋ," ಎಂದ ಗಿಡ್ಡಪ್ಪ.

"ಸ್ಟಾರ್ಟ್ ಆಗೋದು ಮುಖ್ಯ ಅಲ್ರೀ, ಸೇತುವೆ ಮ್ಯಾಲೆ ನಿಲ್ಲಬಾರದು!"

ಅಲ್ಲಿಗೆ ಆ ವ್ಯವಹಾರ ಮುಗಿಯಿತು. ಗಿಡ್ಡಪ್ಪ ಬೇರೆ ಕಡೆ ಅರವತ್ತೇಳರದೊಂದನ್ನು ಕೊಂಡ.

ಎಂಬತ್ತರ ಹೊತ್ತಿಗೆ ಮೂಕಪ್ಪ ಹೊನ್ನಾಳಿ ಬಿಟ್ಟು ಜಗಳೂರಿಗೆ ವಾಪಸಾಗಿದ್ದ. ಅವನ ಹೆಂಡತಿ ಹನುಮಂತಮ್ಮ ಅಲ್ಲಿನ ಆಸ್ಪತ್ರೆಯಲ್ಲಿ ಆಯಾ. ಬಾಣಂತಿಯರ ಕಷ್ಟಸುಖ ಕೇಳಿ ಕೇಳಿ, ಎದುರಿನವರನ್ನು ಮಾತಾಡಲು ಬಿಡುವುದು ಅವಳಿಗೆ ರೂಢಿಯಾಗಿತ್ತು. ಮನೆಯಲ್ಲಿ ಅದು ಇನ್ನಷ್ಟು ಗಟ್ಟಿಯಾಗಿತ್ತು, ಬೇರೆ ದಾರಿ ಇರಲಿಲ್ಲ. ಊರೂರಿಗೆ ಬಸ್ಸಿಲ್ಲದ ಕಾಲ. ಸ್ವಂತದ್ದೊಂದು ಜೀಪು ಇದ್ದರೆ ಹಳ್ಳಿಗಳಿಗೆ ಬಾಡಿಗೆಗೆ ಓಡಿಸಬಹುದು ಎಂದು ಮೊದಲು ಹೇಳಿದವಳು ಅವಳೇ.

"ಕೊಂಡ್ರೆ ಅರವತ್ತೆಂಟೇ," ಎಂದ ಮೂಕಪ್ಪ.

"ಒಂದೇ ವರ್ಷ ಹುಟ್ಟಿದ ಕೂಸುಗಳೆಲ್ಲಾ ಒಂದೇ ತರ ಇರ್ತಾವೇನು? ನಾನು ದಿನಾ ನೋಡ್ತೀನಲ್ಲ."

"ಕೂಸಿಗೂ ಇಂಜಿನ್ನಿಗೂ ಏನು ಸಂಬಂಧ ಹೇಳು?"

ಒಂದು ವರ್ಷ ಅವನು ಹುಡುಕಿದ. ಕೊನೆಗೆ ನ್ಯಾಮತಿ ಹತ್ತಿರದ ಗೋವಿನಕೋವಿಯಲ್ಲಿ ಅರವತ್ತೆಂಟರ ಜೀಪೊಂದು ಮಾರಾಟಕ್ಕಿದೆ ಎಂದು ಸುದ್ದಿ ಬಂತು. ಗಂಡ ಹೆಂಡತಿ ಇಬ್ಬರೂ ಹೊರಟರು.

ಜೀಪು ಕೊಟ್ರಬಸಪ್ಪ ಎಂಬ ರೈತರದು. ಅವರಿಗೆ ಕಣ್ಣು ಮಂಜಾಗಿ ಎರಡು ವರ್ಷವಾಗಿತ್ತು, ಗಾಡಿ ಓಡಿಸಲಾಗುತ್ತಿರಲಿಲ್ಲ. ಆದರೆ ಕೊಟ್ಟಿಗೆಯ ಪಕ್ಕದ ಚಪ್ಪರದಲ್ಲಿ ನಿಂತ ಜೀಪು ಮಾತ್ರ ನಿನ್ನೆ ತೊಳೆದಿಟ್ಟಂತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಅವರ ಹೆಂಡತಿ ಶಂಕ್ರಮ್ಮ. ದಿನಾ ಬೆಳಿಗ್ಗೆ ಹಾಲು ಕರೆದ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಜೀಪು ಸ್ಟಾರ್ಟ್ ಮಾಡಿ ಕಣದ ತನಕ ಓಡಿಸಿ ತಂದು ನಿಲ್ಲಿಸುವವರು ಆಕೆಯೇ. ಮೊದಮೊದಲು ಬೇಲಿಯ ಮೇಲೆ ಕೂತು ನೋಡುತ್ತಿದ್ದ ಊರಿನವರಿಗೆ ಈಗ ಅದು ಹಾಲು ಕರೆದಷ್ಟೇ ಸಾಮಾನ್ಯವಾಗಿತ್ತು.

"ಅಮ್ಮಾರೆ, ಮಾಡೆಲ್ಲು ಅರವತ್ತೆಂಟೇ ಹೌದಲ್ಲ?"

"ಗಾಡಿ ಅರವತ್ತೆಂಟೇ ಕಣಪ್ಪಾ. ಆದ್ರೆ ಇಂಜಿನ್ನು..."

"ಇಂಜಿನ್ ವಿಚಾರ ನನಗೆ ಹೇಳಬ್ಯಾಡ್ರಿ! ಅರವತ್ತೆಂಟರ ಇಂಜಿನ್ನು ಹೆಂಗಿರ್ತೈತೆ ಅಂತ ನಿದ್ದೆಗಣ್ಣಾಗೂ ಹೇಳ್ತೀನಿ," ಎಂದು ಮೂಕಪ್ಪ ಆಗಲೇ ಸೀಟಿನಲ್ಲಿ ಕೂತಿದ್ದ. ಕೊಟ್ರಬಸಪ್ಪನವರನ್ನು ಪಕ್ಕಕ್ಕೆ ಕೂರಿಸಿಕೊಂಡು ನ್ಯಾಮತಿ ದಾರಿಯಲ್ಲಿ ಒಂದು ಸುತ್ತು ಹೋಗಿ ಬಂದ. ದಾರಿಯುದ್ದಕ್ಕೂ ಯಜಮಾನರು ಎರಡು ಮೂರು ಸಲ ಏನೋ ಹೇಳಲು ಹೋದರು. ಅವನು ಸೇತುವೆಯ ಕತೆ ಮುಗಿಸುವಷ್ಟರಲ್ಲಿ ಮನೆಯೇ ಬಂದಿತ್ತು.

ಮೂಕಪ್ಪನಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. "ಕೇಳಿಸ್ಕೊಂಡ್ಯಾ ಸದ್ದು? ಹಾಲು ಕುಡಿದ ಬೆಕ್ಕು!" ಎಂದು ಹೆಂಡತಿಗೆ ಹೇಳಿದ. ಅಷ್ಟು ಹೊತ್ತೂ ಶಂಕ್ರಮ್ಮನ ಜೊತೆ ಬೇವಿನ ಮರದಡಿ ಕೂತಿದ್ದ ಹನುಮಂತಮ್ಮ, "ಇದನ್ನೇ ತಗೊಳ್ಳಾಣ," ಎಂದಳು. ಅವಳು ಯಾವ ತಕರಾರನ್ನೂ ಎತ್ತದ್ದು ಕಂಡು ಅವನಿಗೆ ಆಶ್ಚರ್ಯವೇ ಆಯಿತು.

ಜೀಪು ಅವನ ಕೈ ಹಿಡಿಯಿತು. ಕಡಲೆಕಾಯಿ ಚೀಲ, ಈರುಳ್ಳಿ ಚೀಲ, ಸಂತೆಯ ಹೆಂಗಸರು, ಒಮ್ಮೊಮ್ಮೆ ಹೆರಿಗೆ ನೋವಿನವರು. ಐದು ವರ್ಷ ಅದು ಒಂದು ದಿನವೂ ದಾರಿಯಲ್ಲಿ ಕೈಕೊಡಲಿಲ್ಲ. ಹನುಮಂತಮ್ಮ ಬೆಳಿಗ್ಗೆ ಆಸ್ಪತ್ರೆಗೆ ಹೊರಡುವ ಮುಂಚೆ ಶಂಕ್ರಮ್ಮ ಹೇಳಿಕೊಟ್ಟಂತೆ ಎಣ್ಣೆ ನೋಡಿ, ನೀರು ನೋಡಿ, ಕಡಿಮೆಯಿದ್ದರೆ ಗಂಡನನ್ನು ಎಬ್ಬಿಸುತ್ತಿದ್ದಳು. ಹಿಂದಿನ ಸೀಟಿನಲ್ಲಿ ಎಷ್ಟು ಜನ ಕೂತರೂ ಅವರೆಲ್ಲ ಇಳಿಯುವಷ್ಟರಲ್ಲಿ ಅರವತ್ತೆಂಟನೇ ಇಸವಿಯ ಮಹಿಮೆ ಕೇಳಿಯೇ ಇಳಿಯಬೇಕಿತ್ತು.

ಎಂಬತ್ತಾರರಲ್ಲಿ ಜೀಪು ನೀಲಿ ಹೊಗೆ ಬಿಡತೊಡಗಿತು. ವಯಸ್ಸಾಯಿತು, ಇಂಜಿನ್ನಿನ ರಿಂಗು ಬದಲಿಸಬೇಕು ಎಂದುಕೊಂಡು ಮೂಕಪ್ಪ ಅದನ್ನು ಚನ್ನಗಿರಿಗೆ ಒಯ್ದ. ಅಲ್ಲಿ ಹನುಮಂತಮ್ಮನ ತಮ್ಮ ಧರ್ಮಪ್ಪನ ಗ್ಯಾರೇಜು. ಇಂಜಿನ್ ಇಳಿಸಿ, ಸೀಮೆಎಣ್ಣೆಯಲ್ಲಿ ಜಿಡ್ಡು ತೊಳೆದ ಧರ್ಮಪ್ಪ ಒಂದು ಕಡೆ ಬಟ್ಟೆಯಿಂದ ಒರೆಸಿ ಬಗ್ಗಿ ನೋಡಿದ.

"ಭಾವ, ಇದು ಎಪ್ಪತ್ನಾಲ್ಕರ ಇಂಜಿನ್ನು."

"ಗಾಡಿ ಅರವತ್ತೆಂಟು ಕಣೋ."

"ಗಾಡಿ ಅರವತ್ತೆಂಟೇ. ಇಂಜಿನ್ ಬದಲು ಮಾಡ್ಯಾರೆ. ನಂಬರ್ ನೋಡ್ರಿ ಇಲ್ಲಿ, ಇಷ್ಟು ದಿನ ಜಿಡ್ಡಿನಡಿ ಮುಚ್ಚಿಹೋಗಿತ್ತು."

ಮೂಕಪ್ಪ ನೋಡಿದ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಜಯದೇವಪ್ಪನವರ ಜೀಪಿನ ಬಾನೆಟ್ ಎತ್ತಿದಾಗಲೆಲ್ಲ ಬೈಯುತ್ತಿದ್ದ ಅದೇ ಸಾಲಿನ ನಂಬರು. ಅಲ್ಲಿದ್ದ ಸ್ಟೂಲಿನ ಮೇಲೆ ಕೂತ. ಧರ್ಮಪ್ಪ ಚಾ ತರಿಸಿದ. ಭಾವ ಮಾತಿಲ್ಲದೆ ಅದನ್ನು ಕುಡಿದು ಮುಗಿಸಿದ್ದು ನೋಡಿ ಅವನಿಗೆ ಹೆದರಿಕೆಯಾಗಿ, ಆರಾಮಿಲ್ಲವೇನೋ ಎಂದು ತಾನೇ ಬಸ್ಸು ಹತ್ತಿಸಿ ಕಳಿಸಿದ.

ಮನೆಗೆ ಬಂದಾಗ ಹನುಮಂತಮ್ಮ ರೊಟ್ಟಿ ಬಡಿಯುತ್ತಿದ್ದಳು. ಮೂಕಪ್ಪ ಗೋಡೆಗೊರಗಿ ಕೂತು, "ಅದು ಎಪ್ಪತ್ನಾಲ್ಕರ ಇಂಜಿನ್ನಂತೆ," ಎಂದ.

"ಹೂಂ."

"ಹೂಂ ಅಂದ್ರೆ?"

"ನನಗೆ ಗೊತ್ತಿತ್ತು. ಶಂಕ್ರಮ್ಮಾರು ಅವತ್ತೇ ಹೇಳಿದ್ರು. ಹಳೇ ಇಂಜಿನ್ನು ಒಡೆದು ಹೋಗಿತ್ತಂತೆ, ಪಲ್ಟಿಯಾದ ಯಾವುದೋ ಜೀಪಿಂದು ತಂದು ಕೂರಿಸಿದ್ರಂತೆ. ಆಯಮ್ಮ ಏನೂ ಮುಚ್ಚಿಡಲಿಲ್ಲ. ನಿನಗೂ ಹೇಳಾಕೆ ಬಂದ್ರು, ಯಜಮಾನ್ರೂ ಹೇಳಾಕೆ ನೋಡಿದ್ರು. ನೀನು ಬಿಟ್ಯಾ?"

"ನೀನಾದ್ರೂ ಹೇಳಬೇಕಿತ್ತಲ್ಲೇ!"

"ಹೇಳಿದ್ರೆ ನೀನು ಎದ್ದು ಬಂದುಬಿಡ್ತಿದ್ದೆ. ನಾನು ಆಯಮ್ಮನ ನೋಡಿದೆ. ಬೆಳಿಗ್ಗೆದ್ದು ಎಣ್ಣೆ ಕಡ್ಡಿ ಎಳೆದು ಎಷ್ಟೈತೆ ಅಂತ ನೋಡೇ ಗಾಡಿ ತೆಗೀತೀನಿ ಅಂದ್ರು. ಎರಡು ವರ್ಷ ದಿನಾ ಅಷ್ಟು ಆರೈಕೆ ಮಾಡಿದ್ದು ಕೆಡ್ತೈತಾ ಅನ್ನಿಸ್ತು." ರೊಟ್ಟಿಯನ್ನು ಹೆಂಚಿಗೆ ಹಾಕಿ ಅವಳು ತಿರುಗಿದಳು. "ಹೊನ್ನಾಳಿ ಜೀಪಿಗೆ ಯಾವತ್ತಾದ್ರೂ ಟೈಮಿಗೆ ಸರಿಯಾಗಿ ಎಣ್ಣೆ ಬದಲು ಮಾಡಿದ್ರಾ? ಟಾರ್ ಡ್ರಮ್ಮು ಹೊತ್ತು ಹೊತ್ತು ಅದಕ್ಕೆ ಸುಸ್ತಾಗಿತ್ತು. ವರ್ಷಕ್ಕೇನು ಗೊತ್ತು ಪಾಪ."

ಮೂಕಪ್ಪನಿಗೆ ಸಿಟ್ಟು ಬಂತು. ಆದರೆ ಐದು ವರ್ಷ ತನ್ನ ಭಾಷಣವನ್ನೆಲ್ಲ ಕೇಳುತ್ತ, ಮುಖದ ಗೆರೆಯೂ ಅಲುಗದಂತೆ ಈ ಹೆಂಗಸು ಮುಂದಿನ ಸೀಟಿನಲ್ಲಿ ಕೂತಿದ್ದಳಲ್ಲ ಎಂದು ನೆನೆದಾಗ ಸಿಟ್ಟು ಎಲ್ಲೋ ಜಾರಿಹೋಗಿ ನಗು ಬಂತು. ಅವನು ನಗಲು ಶುರುಮಾಡಿದ ಮೇಲೆ ಅವಳಿಗೂ ತಡೆಯಲಾಗಲಿಲ್ಲ. ಹೆಂಚಿನ ಮೇಲಿನ ರೊಟ್ಟಿ ಕರಕಲಾಯಿತು. ಅದನ್ನು ಅವನೇ ತಿಂದ.

ಜೀಪು ರಿಪೇರಿಯಾದ ದಿನ ಅವನು ಚನ್ನಗಿರಿಯಿಂದ ನೇರವಾಗಿ ಊರಿಗೆ ಬರಲಿಲ್ಲ. ಕತ್ತಲಗೆರೆಗೆ ಹೋಗಿ ಗಿಡ್ಡಪ್ಪನ ಅಂಗಳದಲ್ಲಿ ನಿಲ್ಲಿಸಿದ. ನಡೆದದ್ದನ್ನೆಲ್ಲ ಹೇಳಿ, "ನಿಮಗೆ ಅವತ್ತು ಒಳ್ಳೇ ಗಾಡಿ ತಪ್ಪಿಸಿದ್ನೇನೋ ಗಿಡ್ಡಪ್ಪಾರೆ," ಎಂದ.

ಗಿಡ್ಡಪ್ಪ ಹೊಟ್ಟೆ ಕುಣಿಸಿ ನಕ್ಕ. "ಆ ಹಸಿರು ಜೀಪಾ? ತ್ಯಾವಣಿಗೆಯೋರು ತಗೊಂಡ್ರು, ಇವತ್ತಿಗೂ ಓಡ್ತೈತೆ. ನಾನು ತಗೊಂಡ ಅರವತ್ತೇಳೂ ಓಡ್ತೈತೆ. ನೀನು ಊಟ ಮಾಡಿ ಹೋಗು."

ಊಟ ಮಾಡುವಾಗ ಗಿಡ್ಡಪ್ಪ ಮಾತು ತೆಗೆದ. ಅವನ ಅಳಿಯ ಹೊನ್ನಾಳಿಯಲ್ಲಿ ಒಂದು ಜೀಪು ನೋಡಿದ್ದನಂತೆ, ಎಪ್ಪತ್ತೆಂಟರದು, ಮೂಕಪ್ಪ ಬಂದು ಒಂದು ಮಾತು ಹೇಳಬೇಕಂತೆ.

"ಬರ್ತೀನಿ. ಆದ್ರೆ ನಾವು ಬರೋ ತನಕ ಯಾರೂ ಸ್ಟಾರ್ಟ್ ಮಾಡಬಾರದು, ತಣ್ಣಗಿದ್ರೇ ಇಂಜಿನ್ ನಿಜ ಹೇಳೋದು. ಅದನ್ನ ದಿನಾ ಓಡಿಸೋರು ಯಾರೈದಾರೋ ಅವರೂ ಇರಲಿ," ಎಂದ ಮೂಕಪ್ಪ. ಕೈ ತೊಳೆಯುತ್ತ ಇನ್ನೊಂದು ಮಾತು ಸೇರಿಸಿದ: "ನಮ್ಮ ಮನೆಯಾಕೆಗೂ ಬರಾಕೆ ಹೇಳ್ತೀನಿ. ನಾನು ಗಾಡಿ ನೋಡ್ತೀನಿ, ಅವಳು ಜನರನ್ನ ಮಾತಾಡಿಸ್ತಾಳೆ."

ಮುಂದಿನ ಭಾನುವಾರ ಹನುಮಂತಮ್ಮನಿಗೆ ರಜೆಯಿತ್ತು. ಬುತ್ತಿ ಕಟ್ಟಿಕೊಂಡು, ಹೊಸ ಸೀರೆಯುಟ್ಟು ಅವಳು ಮುಂದಿನ ಸೀಟಿನಲ್ಲಿ ಕೂತಳು. ಜಗಳೂರು ದಾಟುವ ತನಕ ಮೂಕಪ್ಪ ಪಾಪ ಸುಮ್ಮನಿದ್ದ. ಆಮೇಲೆ ಎಂಬತ್ತರ ನಂತರ ಬಂದ ಡೀಸೆಲ್ ಜೀಪುಗಳು ಯಾಕೆ ಅಷ್ಟು ಅಲುಗಾಡುತ್ತವೆ ಎಂದು ಶುರುಮಾಡಿದ. ಹನುಮಂತಮ್ಮ ತಲೆಗೆ ಸೆರಗು ಹೊದ್ದು, ಹೊಲಗಳ ಮೇಲೆ ಏರುತ್ತಿದ್ದ ಬಿಸಿಲು ನೋಡುತ್ತ "ಹೌದಾ?" ಎಂದಳು.