ಸೈರನ್ ಕೇಳುವವರೆಗೆ

ಹೊಸಪೇಟೆಯ ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹಿರಿಯ ಸಹೋದ್ಯೋಗಿ ಅಕ್ಕನಿಗೆ ಪರದೆಯ ನಕಾಶೆ ಸಾಲುತ್ತಿರಲಿಲ್ಲ. ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದು, ಕರೆ ಮಾಡಿದವರನ್ನು ಕೇಳುತ್ತಲೇ ಇರುತ್ತಿದ್ದರು: “ಸೈರನ್ ಕೇಳಸ್ತೇನ್ರಿ?”

ಒಮ್ಮೆ ಮೆಟ್ರಿ ಎಂಬ ಹಳ್ಳಿಯಿಂದ ಹೆರಿಗೆ ನೋವೆಂದು ಕರೆ ಬಂತು. ಪರದೆಯಲ್ಲಿ ಗಾಡಿಯ ಚುಕ್ಕಿ ಓಡಿ ಓಡಿ ಮನೆಯ ಗುರುತನ್ನು ಮುಟ್ಟಿತು.

“ಮುಟ್ತು ಬಿಡ್ರಿ ಅಕ್ಕಾ,” ಎಂದೆ. ಅವರು ಲೈನ್ ಬಿಡಲಿಲ್ಲ.

“ಕೇಳಸ್ತೈತ್ರಿ, ಆದ್ರ ಗಾಡಿ ಕಾಲುವಿ ಆಚಿ ದಂಡಿಗೆ ನಿಂತೈತಿ!” ಗರ್ಭಿಣಿಯ ಗಂಡ ಕೂಗಿದ.

ಸೇತುವೆ ದಾಟಿ ಬರಲು ಅಕ್ಕ ಡ್ರೈವರ್‌ಗೆ ಹೇಳಿದರು. ಚುಕ್ಕಿ ಮನೆಯಿಂದ ದೂರ ಸರಿಯತೊಡಗಿತು.

“ಹೊಂಟೇ ಹೋತಲ್ರೀ!” ಗಂಡ ಚೀರಿದ.

“ಸುತ್ತು ಹಾಕಿ ಬರ್ತೈತಿ. ಫೋನ್ ಇಡಬ್ಯಾಡ್ರಿ.” ಎಂದು ಅಕ್ಕ ಲೈನಿನಲ್ಲೇ ಉಳಿದರು. ಕೊನೆಗೆ ಅವರ ಹೆಡ್‌ಫೋನಿನಿಂದ ಸೈರನ್ ನನಗೂ ಕೇಳಿಸಿತು.

ಕೆಲ ವರ್ಷಗಳ ನಂತರ ಅಕ್ಕ ಕೆಲಸ ಬಿಟ್ಟು ಹೋದರು. ಚುಕ್ಕಿ ಮನೆ ಮುಟ್ಟಿದ ಕೂಡಲೇ ಈಗ ನನಗೆ ಭಯ ಶುರುವಾಗುತ್ತದೆ.